ಸೋಬಾನೆಯ ಬಾಯಿ ಮುಚ್ಚಿಸಿದವರು

ನಮ್ಮ ಅರಸೀಕೆರೆಯ ಗೋಷ್ಠಿಗಳಲ್ಲಿ ಒಂದು ಮಾತು ಸದಾ ಸಿದ್ಧವಾಗಿರುತ್ತದೆ: ಡಿ.ಜೆ. ಬಂತು, ಸೋಬಾನೆ ಸತ್ತಿತು. ಕನ್ನಡ ಪಾಠ ಹೇಳುವ ನಾನೂ ಇದನ್ನು ವೇದಿಕೆಯೇರಿ ಹೇಳಿ ಚಪ್ಪಾಳೆ ಗಿಟ್ಟಿಸಿದವನೇ. ಆ ಮಾತು ಸುಳ್ಳು.

ಸೋಬಾನೆ ಬರಿಯ ಹಾಡಲ್ಲ, ಕೆಲಸದ ಜೊತೆಗಾತಿ. ಅರಿಸಿನ ಕುಟ್ಟುವಾಗ ಒಂದು, ಚಪ್ಪರಕ್ಕೆ ಒಂದು, ಹಸೆಗೆ ಕರೆಯಲು ಒಂದು, ದಿಬ್ಬಣ ಎದುರುಗೊಳ್ಳಲು ಒಂದು, ಬೀಗರನ್ನು ಹಂಗಿಸಲು ಹತ್ತು! ನಾಲ್ಕು ದಿನದ ಮದುವೆಯನ್ನು ಒಂದೂವರೆ ದಿನಕ್ಕಿಳಿಸಿ ಅಂಗಳದಿಂದ ಕಲ್ಯಾಣಮಂಟಪಕ್ಕೆ ಸಾಗಿಸಿದಾಗ (ಖರ್ಚಿನ ದೃಷ್ಟಿಯಿಂದ ಒಳ್ಳೆಯದೇ ಆಯಿತೆನ್ನಿ) ಆ ಕೆಲಸಗಳೇ ಹೋದುವು. ಒರಳೇ ಇಲ್ಲದಮೇಲೆ ಕುಟ್ಟುವ ಪದಕ್ಕೆ ಎಡೆಯೆಲ್ಲಿ? ಡಿ.ಜೆ. ಬಂದದ್ದು ಖಾಲಿ ಬಿದ್ದ ಮನೆಗೆ.

ಯಂತ್ರವೇ ಶತ್ರುವಾಗಿದ್ದರೆ ಅರಬರ ‘ಝಫ್ಫಾ’ ಎಂದೋ ಅಡಗಬೇಕಿತ್ತು. ಕೈರೋವಿನ ಮದುವೆ ಹೋಟೆಲಿನ ಸಭಾಂಗಣ ಸೇರಿದರೂ, ವಧೂವರರನ್ನು ಡೋಲು ದಮ್ಮಡಿಗಳೊಡನೆ ಒಳಗೆ ಕರೆತರುವ ಆ ಮೆರವಣಿಗೆ ಉಳಿದಿದೆ. ಬಾರಿಸುವವರು ಬಾಡಿಗೆಯವರಿರಬಹುದು, ನಾಲಗೆ ಹೊರಳಿಸಿ ಉಲಿಯುವ ಹೆಂಗಸರು ಮನೆಯವರು. ಅವರನ್ನು ಯಾರೂ ಸುಮ್ಮನಿರಿಸುವುದಿಲ್ಲ.

ನಾವು? ಹೋದ ವರ್ಷ ನನ್ನ ತಂಗಿಯ ಮಗಳ ಮದುವೆ. ಬೇಲೂರಿನ ಕಡೆಯ ದಿಬ್ಬಣ ಮಂಟಪದ ಬಾಗಿಲಿಗೆ ಬಂದಾಗ ಎಂಬತ್ತು ದಾಟಿದ ನಮ್ಮ ಸೋದರತ್ತೆ ಆರತಿ ತಟ್ಟೆ ಹಿಡಿದು ಪದ ಎತ್ತಿದರು. ಎರಡು ಸೊಲ್ಲಾಗಿತ್ತೋ ಇಲ್ಲವೋ, ವಿಡಿಯೋದವನು ಗಡಿಯಾರ ನೋಡಿದ. ಹುಡುಗರು ಮುಸಿಮುಸಿ ನಕ್ಕರು. “ಸಾಕು ಬಿಡಿ ಅತ್ತೆ, ವರಪೂಜೆಗೆ ಹೊತ್ತಾಯ್ತು” ಎಂದವನು ಡಿ.ಜೆ.ಯವನಲ್ಲ, 1931ರಲ್ಲಿ ಹಲಸಂಗಿ ಗೆಳೆಯರು ಅಚ್ಚುಹಾಕಿಸಿದ ‘ಗರತಿಯ ಹಾಡ’ನ್ನು ತರಗತಿಯಲ್ಲಿ ಹಾಡಿಹೊಗಳುವ ನಾನು. ವರಪೂಜೆಗೆ ಇನ್ನೂ ಮುಕ್ಕಾಲು ಗಂಟೆಯಿತ್ತು.

2023ರಲ್ಲಿ ಬೇಲೂರು, ಹಳೇಬೀಡುಗಳು ವಿಶ್ವಪರಂಪರೆಯ ಪಟ್ಟಿ ಸೇರಿದಾಗ ನಾವೆಲ್ಲ ಹಿಗ್ಗಿದೆವು. ಮದ್ದಳೆ ಬಾರಿಸುವ ಶಿಲೆಗಳಿಗೆ ಅಲ್ಲಿ ಕಾವಲುಂಟು. ಸೋಬಾನೆಗೆ ನಾವು ಮಾಡುವುದೇನು? ಜಾನಪದ ಉತ್ಸವ! ಕಾಲೇಜು ಹುಡುಗಿಯರಿಗೆ ಒಂದೇ ಬಣ್ಣದ ಸೀರೆ ಉಡಿಸಿ ದಿಬ್ಬಣದ ಪದ ಹಾಡಿಸುತ್ತೇವೆ. ಯಾರ ದಿಬ್ಬಣವಪ್ಪಾ ಅದು? ಉದ್ಘಾಟಕರದೆ?

ನಾನು ಕೇಳುವುದು ಇಷ್ಟು. ಆರತಕ್ಷತೆಗೆ ಮೂರು ಗಂಟೆ ಮೀಸಲಿಡುವ ಮಹನೀಯರು, ದಿಬ್ಬಣ ಬಂದಾಗ ಅರ್ಧ ಗಂಟೆ ಧ್ವನಿವರ್ಧಕ ಆರಿಸಿ, ಬಾಗಿಲನ್ನು ಮುದುಕಿಯರಿಗೆ ಬಿಟ್ಟುಕೊಡಲಿ. ಬರುವ ಮಾಘದಲ್ಲಿ ನಮ್ಮ ಮನೆಯಲ್ಲಿ ಇನ್ನೊಂದು ಮದುವೆಯಿದೆ. ಹಾಡುತ್ತೀರಾ ಎಂದು ಅತ್ತೆಯನ್ನು ಕೇಳಿದೆ.

“ನೀನೂ ಅಲ್ಲಿರ್ತೀಯೇನೋ?” ಎಂದರು.