ಸಂಶೋಧಕರ ಗಣಕ: ಆಯ್ಕೆಯ ಕ್ರಮ

ಕನ್ನಡ ವಿಭಾಗಗಳಲ್ಲಿ ಸಂಶೋಧನೆಗೆ ತೊಡಗುವವರು ಲ್ಯಾಪ್‌ಟಾಪ್ ಕೊಳ್ಳುವಾಗ ಸಾಮಾನ್ಯವಾಗಿ ವಿಚಾರಿಸುವುದು ಬೆಲೆ, ಕಂಪನಿ, ತೂಕ ಈ ಮೂರನ್ನು. ಅದರೊಳಗಿನ ಕಾರ್ಯನಿರ್ವಹಣಾ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ, ಅಂಗಡಿಯಲ್ಲಿಯೇ ತೀರ್ಮಾನವಾಗಿರುತ್ತದೆ. ಪ್ರಬಂಧದ ಅಕ್ಷರಗಳು ಯಾವ ಸಂಕೇತಪದ್ಧತಿಯಲ್ಲಿ ಉಳಿಯಬೇಕೆಂಬುದನ್ನು ಕೊನೆಗೆ ಡಿ.ಟಿ.ಪಿ. ಮಾಡುವವರು ನಿರ್ಧರಿಸುತ್ತಾರೆ. ಈ ಕ್ರಮ ತಲೆಕೆಳಗಾದುದು. ಮೊದಲು ಪಠ್ಯ, ಅನಂತರ ವ್ಯವಸ್ಥೆ, ಕೊನೆಗೆ ಯಂತ್ರ ಎಂಬುದೇ ಸಂಶೋಧನೆಗೆ ಒಪ್ಪುವ ಕ್ರಮ.

ಪಠ್ಯದ ಪ್ರಶ್ನೆ ಮೊದಲು ಬರಬೇಕಾದುದಕ್ಕೆ ಕಾರಣ ಸ್ಪಷ್ಟವಾಗಿದೆ. ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ಪ್ರಬಂಧ ತೆರೆಯ ಮೇಲೆ ಕನ್ನಡವಾಗಿ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅದು ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮಾವಳಿಯ ತರುವಾಯ ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಗಳು ಶೋಧಗಂಗಾ ಭಂಡಾರವನ್ನು ಸೇರುತ್ತಿವೆ. ಆದರೆ ಹಳೆಯ ಫಾಂಟಿನ ಪಿ.ಡಿ.ಎಫ್. ಪ್ರತಿಯಲ್ಲಿ ಒಂದು ಕನ್ನಡ ಪದವನ್ನು ಹುಡುಕಿದರೆ ಅದು ಸಿಗುವುದಿಲ್ಲ. ನಾಲ್ಕೈದು ವರ್ಷಗಳ ಶ್ರಮ ಸಂಗ್ರಹದಲ್ಲಿದ್ದೂ ಮುಂದಿನ ಸಂಶೋಧಕರ ಕೈಗೆ ನಿಲುಕದೆ ಹೋಗುತ್ತದೆ.

ಯೂನಿಕೋಡ್ ಇದಕ್ಕೆ ಪರಿಹಾರ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರಲ್ಲಿ ಸ್ಥಾನವಿದೆ. ಹಾಗೆಂದು ಎಲ್ಲವೂ ಸುಗಮವೆಂದಲ್ಲ. ಹಳಗನ್ನಡದ ೞ ಅಕ್ಷರಕ್ಕೆ ಆ ಪಟ್ಟಿಯಲ್ಲಿ ‘ಫ’ ಎಂಬ ತಪ್ಪು ಹೆಸರು ಅಂಟಿಕೊಂಡಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಅದು ಹಾಗೆಯೇ ಉಳಿದಿದೆ. ಕೇವಲ ಸಂಕೇತಸಂಖ್ಯೆಯ ಕ್ರಮದಲ್ಲಿ ಜೋಡಿಸಿದರೆ ಈ ಅಕ್ಷರ ಳಕಾರದ ಬಳಿ ನಿಲ್ಲದೆ ಹಕಾರವನ್ನೂ ದಾಟಿ ಹೋಗುತ್ತದೆ. ‘ಅಳಿ’ ಎಂದರೆ ದುಂಬಿ, ‘ಅೞಿ’ ಎಂದರೆ ನಾಶವಾಗು. ಈ ಭೇದವನ್ನು ಕಾಪಾಡದ ಫಾಂಟು, ಪದಕೋಶದ ಅಕಾರಾದಿಯನ್ನು ಕೆಡಿಸುವ ತಂತ್ರಾಂಶ ಎಷ್ಟು ವೇಗದ ಯಂತ್ರದಲ್ಲಿದ್ದರೂ ಪ್ರಯೋಜನವಿಲ್ಲ. ಆದುದರಿಂದ ಕೊಳ್ಳುವ ಮೊದಲು ಱ, ೞ ಇರುವ ಒಂದು ಪುಟವನ್ನು ಬರೆದು, ಹುಡುಕಿ, ಅಕಾರಾದಿಯಾಗಿ ಜೋಡಿಸಿ, ಮುದ್ರಿಸಿ ನೋಡುವುದೇ ಸರಿಯಾದ ಪರೀಕ್ಷೆ.

ವ್ಯವಸ್ಥೆಯ ಮಟ್ಟಿಗೆ ಹೇಳುವುದಾದರೆ, ವಿಂಡೋಸ್, ಮ್ಯಾಕ್, ಗ್ನು/ಲಿನಕ್ಸ್ ಮೂರೂ ಇಂದು ಯೂನಿಕೋಡ್ ಕನ್ನಡವನ್ನು ನಿರ್ವಹಿಸುತ್ತವೆ. ವಿಂಡೋಸ್ ಅನಿವಾರ್ಯವೆಂಬ ಭಾವನೆಗೆ ಮುಖ್ಯ ಕಾರಣ ಮುದ್ರಣಾಲಯಗಳ ಪೇಜ್‌ಮೇಕರ್ ರೂಢಿ. ಆ ತಂತ್ರಾಂಶದ ಕೊನೆಯ ಪ್ರಮುಖ ಆವೃತ್ತಿ ಬಂದುದು 2001ರಲ್ಲಿ. ಅದು ಯೂನಿಕೋಡನ್ನು ಅರಿಯದು. ಅದಕ್ಕಾಗಿ ಇಂದಿನ ಸಂಶೋಧಕರು ತಮ್ಮ ಪಠ್ಯವನ್ನು ಹಿಂದಿನ ಸಂಕೇತಗಳಿಗೆ ಇಳಿಸುವುದು ನ್ಯಾಯವಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11ರ ಅರ್ಹತೆಗಳನ್ನು ಪೂರೈಸದ ಯಂತ್ರಗಳು ಅನೇಕ. ಅವುಗಳನ್ನು ಮೂಲೆಗೆ ಸೇರಿಸುವ ಬದಲು ಲಿನಕ್ಸ್ ಹಾಕಿ, ಲಿಬ್ರೆಆಫೀಸ್‌ನಲ್ಲಿ ಬರೆಯಲು ಬಳಸಬಹುದು. ಶಿಷ್ಯವೇತನವನ್ನೇ ನಂಬಿರುವವರಿಗೆ ಇದು ಸಣ್ಣ ಅನುಕೂಲವಲ್ಲ.

ಇನ್ನು ಯಂತ್ರ. ಕನ್ನಡದ ಕೆಲಸಕ್ಕೆ ಸಾಧಾರಣ ಗಣಕ ಸಾಕೆಂಬ ಮಾತು ಬೆರಳಚ್ಚಿಗೆ ಮಾತ್ರ ನಿಜ. ಒಂದು ಎ4 ಪುಟವನ್ನು ಇಂಚಿಗೆ 600 ಚುಕ್ಕೆಗಳಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿ, ಸಂಕುಚಿಸದೆ ಇಟ್ಟರೆ ಸುಮಾರು 100 ಎಂ.ಬಿ. ಆಗುತ್ತದೆ. ಹಾಗಾದರೆ 300 ಪುಟಗಳ ಒಂದು ಹಸ್ತಪ್ರತಿಗೆ ಬೇಕಾಗುವುದು 30 ಜಿ.ಬಿ. ನಾಲ್ಕು ಪ್ರತಿಗಳ ಪಾಠಾಂತರಗಳನ್ನು ಅಕ್ಕಪಕ್ಕ ತೆರೆದಿಟ್ಟು ಹೋಲಿಸುವವರು, ಮುದ್ರಿತ ಪುಟಗಳನ್ನು ಟೆಸೆರಾಕ್ಟ್‌ನಂತಹ ಮುಕ್ತ ತಂತ್ರಾಂಶದಿಂದ ಪಠ್ಯವಾಗಿಸುವವರು 16 ಜಿ.ಬಿ. ರ‍್ಯಾಮ್ ಅಪೇಕ್ಷಿಸಿದರೆ ಅದು ಆಡಂಬರವಲ್ಲ. ತೆಳುವಾದ ಹಲವು ಮಾದರಿಗಳಲ್ಲಿ ರ‍್ಯಾಮನ್ನು ಮುಖ್ಯ ಫಲಕಕ್ಕೆ ಬೆಸೆದಿರುತ್ತಾರೆ; ಮುಂದೆ ಹೆಚ್ಚಿಸಲು ಬರುವುದಿಲ್ಲ. ತೂಕದಲ್ಲಿ ಉಳಿಸಿದುದನ್ನು ಬಾಳಿಕೆಯಲ್ಲಿ ತೆರಬೇಕಾಗುತ್ತದೆ. ಬೆಲೆಯನ್ನು ಹೊಂದಿಸಬೇಕಾಗಿ ಬಂದರೆ ಗಾತ್ರ ಮತ್ತು ಅಂದದಲ್ಲಿ ರಾಜಿಯಾಗಬಹುದು. ರ‍್ಯಾಮ್ ಮತ್ತು ಪ್ರತ್ಯೇಕವಾಗಿಡುವ ಒಂದು ಬಾಹ್ಯ ಡಿಸ್ಕಿನ ವಿಷಯದಲ್ಲಿ ಸಲ್ಲದು.

ಇದು ವ್ಯಕ್ತಿಗಳ ವಿವೇಚನೆಗಷ್ಟೇ ಬಿಡತಕ್ಕ ವಿಷಯವೂ ಅಲ್ಲ. ಅಂಚಿನ ಅಳತೆ, ರಟ್ಟಿನ ಬಣ್ಣಗಳನ್ನು ನಿಯಮಿಸುವ ವಿಭಾಗಗಳು ಪ್ರಬಂಧದ ಸಂಕೇತಪದ್ಧತಿಯ ಬಗೆಗೆ ಮೌನವಾಗಿರುವುದು ಸೋಜಿಗವೇ ಸರಿ. ಯೂನಿಕೋಡ್ ಪಠ್ಯವನ್ನು ಕಡ್ಡಾಯಗೊಳಿಸಿ, ಪಿ.ಡಿ.ಎಫ್. ಜೊತೆಗೆ ಮೂಲ ಕಡತವನ್ನೂ ಪಡೆದು ವಿಭಾಗದ ಗ್ರಂಥಾಲಯದಲ್ಲಿ ಇರಿಸಿಕೊಳ್ಳುವ ಕ್ರಮ ಆರಂಭವಾಗಬೇಕು. ಆಗ ಯಾವ ಲ್ಯಾಪ್‌ಟಾಪ್ ಎಂಬ ಪ್ರಶ್ನೆಗೆ ಪ್ರತಿಯೊಬ್ಬರೂ ತಮ್ಮ ಶಕ್ತ್ಯನುಸಾರ ಉತ್ತರ ಕಂಡುಕೊಳ್ಳಬಲ್ಲರು.