ನೆಟ್ಟ ಸಸಿಗೆ ನೆರಳು ಯಾರದು?

ವನಮಹೋತ್ಸವಕ್ಕೆ ಕೆ. ಎಂ. ಮುನ್ಷಿಯವರು 1950ರಲ್ಲಿ ಚಾಲನೆ ಕೊಟ್ಟಂದಿನಿಂದ ಜುಲೈ ತಿಂಗಳು ಸಸಿ ನೆಡುವ ತಿಂಗಳೆಂದೇ ರೂಢಿಯಾಗಿದೆ. ಆದವಾನಿ, ಆಲೂರು, ಎಮ್ಮಿಗನೂರು, ಕೌತಾಳಂ ಸೀಮೆಯಲ್ಲೂ ಶಾಲೆಯ ಅಂಗಳಗಳಲ್ಲಿ, ರಸ್ತೆಯ ಬದಿಗಳಲ್ಲಿ ಆ ತಿಂಗಳು ಗುಂಡಿಗಳು ತುಂಬುತ್ತವೆ. ಮರುವರ್ಷದ ಏಪ್ರಿಲ್ ವೇಳೆಗೆ ಅವೇ ಗುಂಡಿಗಳಲ್ಲಿ ಕಬ್ಬಿಣದ ಬೇಲಿಯ ನಡುವೆ ಒಣಕಡ್ಡಿ ನಿಂತಿರುವುದೂ ಅಪರೂಪದ ನೋಟವಲ್ಲ. ನೀರಿಲ್ಲದೆ ಒಣಗಿತೆಂದು ಜನ ತೀರ್ಮಾನಿಸುತ್ತಾರೆ. ಅದು ಅರ್ಧ ಸತ್ಯ. ನೀರುಂಡ ಸಸಿಯೂ ಈ ಸೀಮೆಯಲ್ಲಿ ಬಿಸಿಲಿಗೆ ಸುಟ್ಟು ಸಾಯುತ್ತದೆ.

ಎಳೆಯ ಮರದ ತೊಗಟೆ ತೆಳುವು. ಮುದಿ ಬೇವಿಗಿರುವ ಒರಟು ಕವಚ ಅದಕ್ಕಿನ್ನೂ ಬಂದಿರುವುದಿಲ್ಲ. ನರ್ಸರಿಯ ನೆರಳುಪರದೆಯ ಕೆಳಗೆ ಬೆಳೆದ ಸಸಿ ಬಯಲಿಗೆ ಬಂದೊಡನೆ ಅದರ ಕಾಂಡ ನೇರ ಬಿಸಿಲಿಗೆ ಸಿಲುಕುತ್ತದೆ. ಮೇ ತಿಂಗಳ ಮೊದಲ ವಾರದಲ್ಲಿ ಆದವಾನಿಯ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುತ್ತಾನೆ. ಆಗ ಕಾಂಡಕ್ಕೆ ತಗಲುವ ಬಿಸಿಲು ಅಲ್ಪ. ಅಪಾಯವಿರುವುದು ಮೂರು ಗಂಟೆಯ ಮೇಲೆ. ಗಾಳಿ ಅತ್ಯಂತ ಕಾದಿರುವ ಹೊತ್ತಿನಲ್ಲಿ ಇಳಿಬಿಸಿಲು ಪಡುವಣದಿಂದ ಕಾಂಡಕ್ಕೆ ನೇರವಾಗಿ ಬಡಿಯುತ್ತದೆ. ತೊಗಟೆಯ ಕೆಳಗಿನ ಜೀವಂತ ಪದರ ಬೆಂದುಹೋಗುತ್ತದೆ. ಗಾಯ ಕೂಡಲೇ ಕಾಣುವುದಿಲ್ಲ. ತಿಂಗಳುಗಳ ಬಳಿಕ ತೊಗಟೆ ಸೀಳುತ್ತದೆ, ಆ ಸೀಳಿನಿಂದ ಕಾಂಡ ಕೊರೆಯುವ ಹುಳು ಒಳಸೇರುತ್ತದೆ. ಅಂದಕ್ಕಾಗಿ ಕೆಳಗೊಂಬೆಗಳನ್ನು ಸವರುವವರು ಸಸಿಗೆ ತಾನೇ ಮಾಡಿಕೊಂಡಿದ್ದ ನೆರಳನ್ನೂ ಕಿತ್ತುಕೊಳ್ಳುತ್ತಾರೆ.

ಇದಕ್ಕೆ ಪರಿಹಾರ ದುಬಾರಿಯದಲ್ಲ. ಆರಿದ ಸುಣ್ಣದ ನೀರನ್ನು ಮೊದಲ ಕೊಂಬೆಯವರೆಗೆ ಬಳಿದರೆ ಬಿಳುಪು ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಮಳೆಗೆ ತೊಳೆದುಹೋದರೆ ಮತ್ತೆ ಬಳಿಯಬೇಕು, ಅಷ್ಟೆ. ಹೆದ್ದಾರಿಯ ಬದಿಯ ದೊಡ್ಡ ಮರಗಳಿಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿಯುವುದುಂಟು. ಅದು ವಾಹನ ಓಡಿಸುವವರ ಕಣ್ಣಿಗಾಗಿ. ಸುಣ್ಣ ಬೇಕಾಗಿರುವ ಎಳೆಗಾಂಡಕ್ಕೆ ಮಾತ್ರ ಕುಂಚ ತಾಗುವುದಿಲ್ಲ!

ಸುಣ್ಣಕ್ಕಿಂತ ಮಿಗಿಲಾದದ್ದು ಮರೆ. ಹತ್ತಿ ಬೆಳೆಯುವ ಈ ನಾಡಿನಲ್ಲಿ ಬಿಡಿಸಿ ಮುಗಿದ ಹತ್ತಿಕಟ್ಟಿಗೆಗೆ ಬರವಿಲ್ಲ. ಜೋಳದ ದಂಟೂ ಇದೆ, ಹಳೆಯ ಗೋಣಿಚೀಲವೂ ಇದೆ. ಇವುಗಳಲ್ಲಿ ಯಾವುದನ್ನಾದರೂ ಸಸಿಯ ಪಡುವಣ ಮತ್ತು ನೈಋತ್ಯಕ್ಕೆ, ಕಾಂಡಕ್ಕೆ ಬಿಗಿಯದಂತೆ, ತಡಿಕೆಯಾಗಿ ನಿಲ್ಲಿಸಿದರೆ ಸಾಕು. ಸಸಿಯ ಪಕ್ಕದಲ್ಲಿ ನಾಲ್ಕು ತೊಗರಿ ಬೀಜ ಊರಿದರೆ ತಡಿಕೆ ತಾನಾಗಿಯೇ ಬೆಳೆಯುತ್ತದೆ. ವೀಳ್ಯದೆಲೆಯ ತೋಟದವರು ಬಳ್ಳಿಗೆ ಅಗಸೆಯ ಮರವನ್ನು ಆಸರೆಯಾಗಿಯೂ ನೆರಳಾಗಿಯೂ ಬೆಳೆಸುತ್ತ ಬಂದಿರುವುದು ಇದೇ ತಿಳಿವಳಿಕೆಯಿಂದ. ಎರೆಭೂಮಿಯಲ್ಲಿ ಇನ್ನೊಂದು ಎಚ್ಚರ ಬೇಕು: ಬೇಸಿಗೆಯಲ್ಲಿ ನೆಲ ಬಿರಿದು ಎಳೆಬೇರು ಹರಿಯುತ್ತದೆ, ಆದುದರಿಂದ ಬುಡಕ್ಕೆ ಒಣಹುಲ್ಲಿನ ಹೊದಿಕೆ ಹಾಕಿ ಬಿರುಕನ್ನು ಮಣ್ಣಿನಿಂದ ಮುಚ್ಚಬೇಕು.

ಕರ್ನೂಲು ಜಿಲ್ಲೆಯದೇ ಆದ ಎರ್ರಗುಡಿಯ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಅವುಗಳಲ್ಲಿ ಎರಡನೆಯ ಬಂಡೆಶಾಸನ ದಾರಿಗಳಲ್ಲಿ ಮನುಷ್ಯರಿಗೂ ಪಶುಗಳಿಗೂ ಮರ ನೆಡಿಸಿ ಬಾವಿ ತೋಡಿಸಿದುದನ್ನು ಹೇಳುತ್ತದೆ. ಶಾಸನ ಓದುವ ಕನ್ನಡ ವಿದ್ಯಾರ್ಥಿಗಳು ಮರ ಮತ್ತು ನೀರು ಅಲ್ಲಿ ಒಟ್ಟಿಗೇ ಬಂದಿರುವುದನ್ನು ಗಮನಿಸಬಹುದು. ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರೂ ಆಲದ ಸಸಿ ನೆಟ್ಟು ಬಂದವರಲ್ಲ, ಕೊಡದಲ್ಲಿ ನೀರು ಹೊತ್ತು, ಮುಳ್ಳು ಕಟ್ಟಿ ಕಾದವರು.

ಈ ಗಡಿಸೀಮೆಯ ಕನ್ನಡ ಶಾಲೆಗಳ ತೊಡಕೆಂದರೆ ಸಸಿಗೆ ಕಾವಲು ಬೇಕಾದ ಹೊತ್ತಿಗೇ ಬೇಸಿಗೆ ರಜೆ ಬರುವುದು. ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಅಂಗಳದಲ್ಲಿ ಯಾರೂ ಇರುವುದಿಲ್ಲ. ಆದುದರಿಂದ ತಡಿಕೆ ಕಟ್ಟುವ ಕೆಲಸ ಮಾರ್ಚಿಯೊಳಗೆ, ಪರೀಕ್ಷೆಗಳಿಗೆ ಮೊದಲೇ ಮುಗಿಯಬೇಕು. ನೂರು ಸಸಿ ನೆಡುವ ಬದಲು ಹತ್ತನ್ನು ನೆಟ್ಟರೂ ಆದೀತು. ಎಷ್ಟು ನೆಟ್ಟೆವೆಂದು ಜುಲೈಯಲ್ಲಿ ಬರೆಯುವ ಲೆಕ್ಕದ ಪಕ್ಕದಲ್ಲಿ, ಎಷ್ಟು ಚಿಗುರಿವೆಯೆಂದು ಮರುವರ್ಷ ಶಾಲೆ ತೆರೆದ ದಿನ ಬರೆಯಲು ಇನ್ನೊಂದು ಅಂಕಣವನ್ನು ಬಿಡುವುದು ಅಗತ್ಯ.