ಕ್ಯೂಆರ್ ಕೋಡ್ ಕಿತ್ತರೆ ತೆರಿಗೆ ತಪ್ಪುತ್ತಾ?

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಹೆದರಿದವರು ಕ್ಯೂಆರ್ ಕೋಡ್ ಕಿತ್ತುಹಾಕಿ ‘ನಗದು ಮಾತ್ರ’ ಎಂದು ಬರೆದರು. ಇದು ತೆರಿಗೆ ಉಳಿಸುವ ದಾರಿಯಲ್ಲ ಅಂತೀವಿ ನಾವು. ತೆರಿಗೆ ಇರುವುದು ವ್ಯಾಪಾರಕ್ಕೆ, ಫೋನಿಗಲ್ಲ.

ಊರಲ್ಲೇ ಮಾರುವ ಅಂಗಡಿಗೆ ವರ್ಷದ ವಹಿವಾಟು 40 ಲಕ್ಷ ದಾಟುವತನಕ ಜಿಎಸ್‌ಟಿ ನೋಂದಣಿ ಬೇಡ. ಸೇವೆಗೆ ಮಿತಿ 20 ಲಕ್ಷ. ಬರೀ ಹಾಲು, ಹಸಿ ತರಕಾರಿ ಮಾರುವವರಿಗೆ ಎಷ್ಟು ಮಾರಿದರೂ ಬೇಡ. ಆದರೆ ಇದನ್ನು ತೋರಿಸಲು ಲೆಕ್ಕ ಬೇಕು. ಕೈಗಡ, ಚೀಟಿ ದುಡ್ಡು, ವ್ಯಾಪಾರ ಎಲ್ಲ ಒಂದೇ ಖಾತೆಗೆ ಬಿದ್ದರೆ ಬೇರ್ಪಡಿಸುವವರು ಯಾರು? ಅಂಗಡಿಗೇ ಬೇರೆ ಖಾತೆ ಮಾಡಿಸಿ, ಖರೀದಿ ಬಿಲ್ಲು ಕಾಪಾಡಿ, ದಿನದ ಲೆಕ್ಕ ಬರೆದಿಡಿ.

ಇಲಾಖೆಗೂ ಒಂದು ಮಾತು: ನೋಟಿಸ್ ಕಳಿಸುವ ಮೊದಲು ಸಂತೆಗೆ ಬಂದು ಈ ನಿಯಮ ಹೇಳಿ. ಹೇಳದೆ ದಂಡ ಕೇಳುವುದು ನ್ಯಾಯವಲ್ಲ.